ಎರಡು ಸಲ ಬಂದ ಓಣಿ

"ಇದರ ಮುಖ ಯಾವ ಕಡೆಗೈತೆ?"

ಪುರಸಭೆಯ ಅಧ್ಯಕ್ಷರಾದ ಗುರುಶಾಂತಪ್ಪನವರು ಹೀಗೆ ಕೇಳಿದಾಗ ಕೋಣೆಯಲ್ಲಿ ಒಂಬತ್ತು ಜನ ಇದ್ದೆವು. ಆದರೂ ಅವರು ಕೇಳಿದ್ದು ಯಾರನ್ನೂ ಅಲ್ಲ. ರಟ್ಟಿನ ಪೆಟ್ಟಿಗೆಯಿಂದ ಆಗಷ್ಟೇ ಹೊರಗೆ ತೆಗೆದ ಸರ್ವರು ಮೇಜಿನ ಮೇಲೆ ಕೂತಿತ್ತು. ಅವರು ಅದಕ್ಕೆ ಒಂದು ಪ್ರದಕ್ಷಿಣೆ ಬಂದು, ದೀಪಗಳಿರುವುದು ಮುಖವೋ ತೂತುಗಳಿರುವುದು ಮುಖವೋ ತೀರ್ಮಾನವಾಗದೆ ನಿಂತಿದ್ದರು. ಉತ್ತರ ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಪುರಸಭೆಯ ಕಟ್ಟಡ ಇರುವುದು ಸುಣ್ಣಗಾರರ ಓಣಿಯಲ್ಲಿ. ನಮ್ಮೂರಿನಲ್ಲಿ ಒಂದು ಓಣಿಯವರ ಧ್ವನಿ ಇನ್ನೊಂದು ಓಣಿಯಲ್ಲಿ ಹೊರಡುವುದಿಲ್ಲ. ಬೇರೆ ಓಣಿಗೆ ಹೋದವರಿಗೆ ಕಿವಿ ಇರುತ್ತದೆ, ಬಾಯಿ ಇರುವುದಿಲ್ಲ. ಅಲ್ಲಿದ್ದ ಒಂಬತ್ತು ಜನರಲ್ಲಿ ಸುಣ್ಣಗಾರರ ಓಣಿಯವರು ಅವರೊಬ್ಬರೇ. ಅದಕ್ಕೇ ಅವರು ಅಧ್ಯಕ್ಷರು, ಅವರಿಗಿಂತ ಮೊದಲು ಅವರ ಅಪ್ಪ ಅಧ್ಯಕ್ಷರಾಗಿದ್ದರು. ಉಳಿದ ಸದಸ್ಯರು ಸ್ಲೇಟು ಬಳಪ ಹಿಡಿದು ಕೂರುತ್ತಾರೆ. ಅವರು ವಿರೋಧ ಬರೆದು ಮುಗಿಸುವಷ್ಟರಲ್ಲಿ ನಿರ್ಣಯ ಪಾಸಾಗಿರುತ್ತದೆ.

ನಾನು ನನ್ನ ಸ್ಲೇಟಿನ ಮೇಲೆ ‘ದೀಪ ಇರುವುದು ಮುಖ’ ಎಂದು ಬರೆದು ಎತ್ತಿ ಹಿಡಿದೆ. ಅಧ್ಯಕ್ಷರು ಓದಿಕೊಂಡು, ಹಾಗಾದರೆ ಮುಖ ಪೂರ್ವಕ್ಕಿರಲಿ ಎಂದು ಅಪ್ಪಣೆ ಮಾಡಿದರು. ಇಟ್ಟೆವು. ತೂತುಗಳೆಲ್ಲ ಗೋಡೆಯ ಕಡೆಗೆ ಹೋದವು. ಮುಂದಿನ ಎರಡು ತಿಂಗಳು ನಾನು ಆ ಗೋಡೆಗೂ ಮೇಜಿಗೂ ನಡುವೆ ತೂರಿಕೊಂಡೇ ಕೆಲಸ ಮಾಡಿದೆ.

ಊರಿನವರು ಧ್ವನಿಯ ಈ ಕಟ್ಟಳೆಗೆ ಹೊಂದಿಕೊಂಡು ಎಷ್ಟು ತಲೆಮಾರಾಯಿತೋ ಯಾರಿಗೂ ಗೊತ್ತಿಲ್ಲ. ತರಕಾರಿಯವನು ಕೂಗುವ ಬದಲು ಗಂಟೆ ಬಾರಿಸುತ್ತಾನೆ. ಎರಡು ಸಲ ಬಾರಿಸಿದರೆ ಬದನೆ, ಮೂರು ಸಲ ಬಾರಿಸಿದರೆ ಹೀರೆ. ಮದುವೆಯಾಗಿ ಬಂದ ಹುಡುಗಿಯ ಧ್ವನಿ ಗಂಡನ ಓಣಿಗೆ ಹತ್ತಲು ಒಂದು ವರ್ಷ ಬೇಕು. ಅತ್ತೆಯಂದಿರು ಆ ವರ್ಷವನ್ನು ಬಹಳ ದಿನ ನೆನೆಸಿಕೊಳ್ಳುತ್ತಾರೆ. ಇಲ್ಲಿ ಹತ್ತಿದ ಮೇಲೆ ತವರಿನಲ್ಲಿ ಧ್ವನಿ ನಿಂತುಹೋಗುತ್ತದೆ. ಆಮೇಲೆ ಹಬ್ಬಕ್ಕೆಂದು ಬಂದ ಮಗಳು ತಾಯಿಯ ಎದುರು ಕೂತು ಸ್ಲೇಟಿನಲ್ಲಿ ಸುಖದುಃಖ ಬರೆಯುತ್ತಾಳೆ, ತಾಯಿ ಬಾಯಲ್ಲಿ ಉತ್ತರ ಹೇಳುತ್ತಾಳೆ. ಹೊರಗಿನಿಂದ ತಂದ ಫೋನುಗಳು ಊರ ಗಡಿ ದಾಟಿ ಒಳಗೆ ಬಂದರೆ ಬರೀ ಗಡಿಯಾರಗಳು.

ಸರ್ವರು ಬಂದದ್ದು ನೀರಿನ ಸಲುವಾಗಿ. ಯಾವ ಓಣಿಗೆ ಯಾವಾಗ ನಲ್ಲಿ ಬಿಡುತ್ತಾರೆಂದು ಮನೆಮನೆಗೂ ಸ್ಲೇಟು ಹೊತ್ತು ಸಾಕಾಗಿತ್ತು. ಪ್ರತಿ ಮನೆಯ ಮುಂದೆ ಒಂದು ಡಬ್ಬಿ ಕೂರಿಸುವುದು, ಗುಂಡಿ ಒತ್ತಿ ಮಾತಾಡಿದರೆ ಆ ಓಣಿಯ ಎಲ್ಲ ಮನೆಗಳಲ್ಲೂ ಕೇಳುವುದು, ಇಷ್ಟೇ ಯೋಜನೆ. ಆದರೆ ಎಲ್ಲ ಓಣಿಯ ಯಜಮಾನರೂ ಒಂದೇ ಷರತ್ತು ಹಾಕಿದರು: ನಮ್ಮ ಓಣಿಯ ಮಾತು ಹೊರಗೆ ಹೋಗಕೂಡದು. ಓಣಿಗೊಂದು ಯಂತ್ರ ತರುವ ಶಕ್ತಿ ಪುರಸಭೆಗೆ ಇರಲಿಲ್ಲ. ಒಂದೇ ಯಂತ್ರ ತಂದು, ಅದರ ಹೊಟ್ಟೆಯೊಳಗೆ ಓಣಿಗೊಂದು ನೆಟ್‌ವರ್ಕು ಕಲ್ಪಿಸಬೇಕಾಯಿತು. ಯಂತ್ರದಿಂದ ಹೊರಡುವ ತಂತಿ ಒಂದೇ, ಆದರೆ ಪ್ರತಿ ಓಣಿಯೂ ಇದು ನನ್ನೊಬ್ಬಳದೇ ತಂತಿ ಎಂದು ನಂಬಿಕೊಂಡಿರಬೇಕು. ಹಾಗೆ ನಂಬಿಸುವ ಯಂತ್ರಕ್ಕೆ ಕಂಟ್ರೋಲರ್ ಎಂದು ಹೆಸರು. ಪುರಸಭೆಯಲ್ಲಿ ಕರೆಂಟಿನ ಕೆಲಸ ಬಲ್ಲವಳು ನಾನೊಬ್ಬಳೇ ಆದ್ದರಿಂದ ಅದು ನನ್ನ ಪಾಲಿಗೆ ಬಂತು.

ಜೊತೆಗೆ ಬಂದ ಕೈಪಿಡಿ ನಾನೂರು ಪುಟದ್ದು. ನಾನು ಅಕ್ಷರ ಕಲಿಯುವ ಮೊದಲೇ ಕಾವ್ಯ ಕೇಳಿದವಳು. ನಮ್ಮಪ್ಪ ಗಮಕಿಗಳ ಮುಂದೆ ದೀಪಕ್ಕೆ ಎಣ್ಣೆ ಹಾಕುವ ಸೇವೆ ಮಾಡುತ್ತಿದ್ದರು, ನಾನು ಅವರ ಪಕ್ಕದಲ್ಲಿ ಕೂತು ಬೆಳೆದೆ. ರಾಗವಿಲ್ಲದ ಮಾತು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಕೈಪಿಡಿಯನ್ನು ದಿನಕ್ಕೆ ಐದು ಪುಟದಂತೆ ಮನೆಯಲ್ಲಿ ವಾಚನ ಮಾಡಿದೆ. ಬ್ರಿಡ್ಜ್ ಕಟ್ಟುವ ಅಧ್ಯಾಯಕ್ಕೆ ಕಾಂಬೋಧಿ ಹೊಂದಿತು, ರೂಟರಿನ ಅಧ್ಯಾಯಕ್ಕೆ ಮೋಹನ. ನನ್ನ ಮನೆ ಇರುವುದು ಗಾಣಿಗರ ಓಣಿಯಲ್ಲಿ, ಅಲ್ಲಿ ನನಗೆ ಧ್ವನಿ ಇದೆ. ವಾರದೊಳಗೆ ಹತ್ತು ಹನ್ನೆರಡು ಜನ ಕೇಳಲು ಬಂದು ಕೂರತೊಡಗಿದರು. ಕಂಟ್ರೋಲರಿನಲ್ಲಿ ತಂತಿ ಚುಚ್ಚುವ ಬಾಯಿಗಳು ಎರಡು. ಒಂದಕ್ಕೆ ವಿಳಾಸ ಕೊಡಬೇಕು, ಎಲ್ಲ ಓಣಿಗಳ ಮಾತೂ ಹಾದುಹೋಗುವ ಇನ್ನೊಂದಕ್ಕೆ ವಿಳಾಸ ಕೊಡಲೇಬಾರದು ಎಂಬ ಭಾಗ ಬಂದಾಗ, ಪಕ್ಕದ ಮನೆಯ ಸಿದ್ಲಿಂಗವ್ವ ಅದಕ್ಕೆ ಅರ್ಥ ಕೇಳಿದಳು. ತನಗೇ ಒಂದು ವಿಳಾಸ ಇಟ್ಟುಕೊಂಡರೆ ಬಂದ ಮಾತನ್ನೆಲ್ಲ ತನ್ನದೆಂದು ಹಿಡಿದುಕೊಳ್ಳುತ್ತದೆ, ಇಲ್ಲದಿದ್ದರೆ ಬಂದದ್ದನ್ನು ಬಂದ ಹಾಗೆ ದಾಟಿಸುತ್ತದೆ ಎಂದು ಹೇಳಿದೆ. ಸಿದ್ಲಿಂಗವ್ವ ಕೈಪಿಡಿಗೆ ಕೈ ಮುಗಿದಳು. ಮಾರನೆಯ ದಿನ ಬಾಳೆಹಣ್ಣು ತಂದಳು.

ಇನ್ನು ಬೇಕಾಗಿದ್ದದ್ದು ಓಣಿಗಳ ಪಟ್ಟಿ. ಪ್ರತಿ ಓಣಿಯ ಹೆಸರು ಕೊಟ್ಟು, ಅದಕ್ಕೊಂದು ನಂಬರು ಹಾಕಬೇಕು. ಒಂದೇ ನಂಬರಿನವರು ಒಬ್ಬರ ಮಾತು ಒಬ್ಬರು ಕೇಳುತ್ತಾರೆ, ಬೇರೆ ನಂಬರಿನವರು ಕೇಳುವುದಿಲ್ಲ. ಯಂತ್ರದ ಸಂಸಾರವೆಲ್ಲ ಇಷ್ಟೇ. ಆದರೆ ನಮ್ಮೂರಲ್ಲಿ ಓಣಿಗಳ ಹೆಸರನ್ನು ಬರೆದಿಟ್ಟ ಕಾಗದವೇ ಇಲ್ಲ. ಬರೆದರೆ ಯಾವುದೋ ಒಂದು ಮೊದಲು ಬರಬೇಕು, ಮಿಕ್ಕವು ಸುಮ್ಮನಿರುವುದಿಲ್ಲ. ಅದಕ್ಕೇ ಎಲ್ಲ ಹೆಸರನ್ನೂ ಹೆಣೆದು ಒಂದು ಓಣಿಪದ ಕಟ್ಟಿದ್ದಾರೆ. ಅದನ್ನು ಎಲ್ಲಿಂದ ಬೇಕಾದರೂ ಶುರು ಮಾಡಿ ಸುತ್ತು ಹಾಕಿ ಬರಬಹುದು. ಅದನ್ನು ಹೇಳುವ ಹಕ್ಕು ಹಂದರದ ಓಣಿಯ ಗಮಕಿ ಸಾಂಬಯ್ಯನವರಿಗೆ ಮಾತ್ರ. ಯುಗಾದಿಯ ದಿನ ಊರೆಲ್ಲ ಅವರ ಓಣಿಗೆ ಹೋಗಿ, ಬಾಯಿಲ್ಲದೆ ನಿಂತು ಕೇಳಿ ಬರುತ್ತದೆ. ಪುರಸಭೆ ತುಂಬ ಯೋಚಿಸಿ ನಿರ್ಣಯ ಮಾಡಿತು: ಸಾಂಬಯ್ಯನವರು ಹೇಳಿದಂತೆ, ನಾನು ಕೇಳಿದಂತೆ, ಅಷ್ಟನ್ನು ಮಾತ್ರ ಯಂತ್ರಕ್ಕೆ ಏರಿಸತಕ್ಕದ್ದು.

ಸಾಂಬಯ್ಯನವರ ಜಗುಲಿ ನನಗೆ ಹೊಸದಲ್ಲ. ಕಛೇರಿ ಮುಗಿದ ಮೇಲೆ ದಿನವೂ ಅಲ್ಲಿಗೆ ಹೋಗಿ ಎಡಗಡೆಯ ಕಂಬದ ಹತ್ತಿರ ಚಾಪೆಯ ಮೇಲೆ ಕೂರುತ್ತೇನೆ. ಅವರು ವಾಚನ ಮಾಡುತ್ತಾರೆ, ನಾನು ಕೇಳುತ್ತೇನೆ. ಪರ ಓಣಿಯವಳಾದ ನನ್ನಿಂದ ಒಂದು ಕೆಮ್ಮೂ ಹೊರಡುವುದಿಲ್ಲವಾದ್ದರಿಂದ ನನ್ನಂಥ ಶ್ರೋತೃ ಸಿಗುವುದು ಕಷ್ಟ. ಅದೇ ಚಾಪೆಯ ಮೇಲೆ ನನ್ನ ಪಕ್ಕ ಇನ್ನೊಬ್ಬಳು ಕೂರುತ್ತಾಳೆ, ಪಂಪವ್ವ. ಅವಳಿಗೂ ಅಲ್ಲಿ ಧ್ವನಿ ಇಲ್ಲ. ಅವಳು ಸಾಂಬಯ್ಯನವರ ಮಗಳು.

ಇದಕ್ಕೆ ಹಂದರದ ಓಣಿಯ ಕಥೆ ಹೇಳಬೇಕು. ನಲವತ್ತು ವರ್ಷದ ಹಿಂದೆ ಅದು ಒಂದೇ ಓಣಿ. ಒಂದು ಮದುವೆಯ ಹಂದರದ ಕಂಬ ಯಾರ ಮನೆಯ ಮುಂದೆ ನೆಡಬೇಕೆಂದು ಜಗಳ ಹತ್ತಿ, ನಡುವೆ ಆಳೆತ್ತರದ ಗೋಡೆ ಎದ್ದಿತು. ಗೋಡೆ ಒಣಗುವುದರೊಳಗೆ ಈ ಕಡೆಯವರ ಧ್ವನಿ ಆ ಕಡೆ ನಿಂತುಹೋಯಿತು. ಹೆಸರನ್ನು ಯಾರೂ ಬಿಟ್ಟುಕೊಡಲಿಲ್ಲ. ಇದೂ ಹಂದರದ ಓಣಿ, ಅದೂ ಹಂದರದ ಓಣಿ. ಒಬ್ಬರ ಎದುರು ಇನ್ನೊಬ್ಬರ ಓಣಿ ಇಲ್ಲವೇ ಇಲ್ಲ. ಹನ್ನೊಂದು ವರ್ಷದ ಹಿಂದೆ ಪಂಪವ್ವ ಗೋಡೆಯ ಆಚೆಯ ಒಬ್ಬನನ್ನು ಮೆಚ್ಚಿ ಮದುವೆಯಾದಳು. ಈಚೆಯವರು ಅವತ್ತಿನಿಂದ ಅವಳ ಹೆಸರೆತ್ತಲಿಲ್ಲ. ಸಾಂಬಯ್ಯನವರು ಮಗಳು ಎಂಬ ಮಾತನ್ನೇ ಬಿಟ್ಟರು. ಎರಡು ವರ್ಷ ಕಳೆದು ಅವರ ಕಣ್ಣು ಪೂರ್ತಿ ಹೋಯಿತು. ಆಮೇಲೆ ಪಂಪವ್ವ ಸಂತೆಬೀದಿ ಸುತ್ತಿಕೊಂಡು ಬಂದು ಅಪ್ಪನ ಜಗುಲಿಯ ಮೇಲೆ ಕೂರತೊಡಗಿದಳು. ಅವರಿಗೆ ಕಾಣಿಸುವುದಿಲ್ಲ, ಅವಳಿಗೆ ಹೇಳಲಾಗುವುದಿಲ್ಲ, ಓಣಿಯವರು ಹೇಳುವುದಿಲ್ಲ. ನಾನು ಹೇಳೋಣವೆಂದರೆ ನನ್ನಲ್ಲಿರುವುದು ಸ್ಲೇಟು. ಒಂಬತ್ತು ವರ್ಷ ಹೀಗೆ ನಡೆದಿತ್ತು.

ಪಟ್ಟಿ ಬರೆದುಕೊಳ್ಳಲು ಹೋದ ದಿನ ಸಾಂಬಯ್ಯನವರು ಸ್ನಾನ ಮಾಡಿ, ವಿಭೂತಿ ಹಚ್ಚಿ ಕೂತು ಓಣಿಪದವನ್ನು ನಿಧಾನವಾಗಿ ಹೇಳಿದರು. ಗಮಕದ ಪದ್ಧತಿಯಂತೆ ಅವರು ಬೇಕಾದ ಕಡೆ ಒಂದು ತುಂಡನ್ನು ಎರಡು ಸಲ ಹೇಳುತ್ತಾರೆ. ಚಿಕ್ಕಂದಿನಿಂದ ಕೇಳಿದವರಿಗೆ ಎರಡನೆಯದನ್ನು ಬಿಟ್ಟು ಅರ್ಥ ಹಿಡಿಯುವ ಅಭ್ಯಾಸ ಇರುತ್ತದೆ. ಹಂದರದ ಓಣಿ ಬಂತು, ಮತ್ತೊಮ್ಮೆ ಹಂದರದ ಓಣಿ ಬಂತು. ನನ್ನ ಕೈ ಒಂದನ್ನು ಬರೆಯಿತು. ಆ ಗೋಡೆಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಪದ್ಯ ಕೇಳುವಾಗ ನಾನು ಊರಿನಲ್ಲಿರುವುದಿಲ್ಲ. ಓಣಿಗಳಿಂದ ಬಂದ ತಂತಿಗಳನ್ನು ಯಂತ್ರದ ತಂತಿಗೆ ಕೂಡಿಸುವ ದಿನ ಎರಡು ತಂತಿಗಳಿಗೆ ಒಂದೇ ಹೆಸರಿನ ಚೀಟಿ ಇತ್ತು. ಪಟ್ಟಿಯಲ್ಲಿ ಆ ಹೆಸರಿಗೆ ಇದ್ದದ್ದು ಒಂದೇ ನಂಬರು. ಒಂದು ತಂತಿ ಉದ್ದ ಸಾಲದೆ ಎರಡು ಎಳೆದಿರಬೇಕೆಂದುಕೊಂಡು ಎರಡನ್ನೂ ಅದಕ್ಕೇ ಸೇರಿಸಿದೆ. ಅಪ್ಪಣೆ ಇಲ್ಲದ ಮಾತನ್ನೆಲ್ಲ ಚೆಲ್ಲಿಬಿಡು ಎಂಬ ನಿಯಮ ಹಾಕಿದೆ. ದೀಪ ಹಚ್ಚಿ, ಯಂತ್ರದ ಮುಖಕ್ಕೆ ಕುಂಕುಮ ಇಟ್ಟು, ಯಂತ್ರದೊಳಗಿನ ಕೆಲಸಗಳನ್ನು, ಕೈಪಿಡಿಯಲ್ಲಿ ಅವಕ್ಕೆ ಸೇವೆಗಳೆಂದೇ ಹೆಸರು, ಅದರ ಕ್ರಮದಲ್ಲೇ ಒಂದೊಂದಾಗಿ ಶುರು ಮಾಡಿದೆ. ಎಲ್ಲ ದೀಪವೂ ಹಸಿರಾಯಿತು.

ಮೊದಲ ವಾರ ದೂರೇ ಬರಲಿಲ್ಲ. ಗೋಡೆಯ ಈಚೆಯ ಒಬ್ಬ ಹೆಂಗಸು ಯಾರ ಮನೆಯಲ್ಲಾದರೂ ಕಾಯಿ ತುರಿಯುವ ಮಣೆ ಇದೆಯೇ ಎಂದು ಡಬ್ಬಿಯಲ್ಲಿ ಕೇಳಿದಳಂತೆ. ಇದೆ, ಬಾರವ್ವ ಎಂದು ಯಾರೋ ಹೇಳಿದರಂತೆ. ಅವಳು ನಲವತ್ತು ಮನೆಯ ಬಾಗಿಲು ತಟ್ಟಿ, ಮಣೆ ಸಿಕ್ಕದೆ, ಯಾರೋ ಹೊಸಬರು ಬಾಡಿಗೆಗೆ ಬಂದಿದ್ದಾರೆ, ಮಾತು ಒಳ್ಳೆಯದು ಮನೆ ಮಾತ್ರ ತೋರಿಸುವುದಿಲ್ಲ ಎಂದುಕೊಂಡು ಹೋದಳು. ಆಚೆಯವರೂ ತಮ್ಮ ಓಣಿಯಲ್ಲಿ ಹೊಸಬರು ಹೆಚ್ಚಾಗಿದ್ದಾರೆಂದು ಮಾತಾಡಿಕೊಂಡರು. ಈ ನಡುವೆ ಸಾಂಬಯ್ಯನವರ ವಾಚನ ಮನೆಯಲ್ಲಿ ಹಾಸಿಗೆ ಹಿಡಿದವರಿಗೂ ಕೇಳಲೆಂದು ಓಣಿಯವರು ಅವರ ಡಬ್ಬಿಯ ಗುಂಡಿಗೆ ದಾರ ಬಿಗಿದು, ಅದು ಒತ್ತಿಯೇ ಇರುವಂತೆ ಮಾಡಿದ್ದರು.

ಎಂಟನೆಯ ದಿನ ಪಂಪವ್ವ ಚಾಪೆಗೆ ಬಂದಿರಲಿಲ್ಲ. ಸಾಂಬಯ್ಯನವರು ವನವಾಸದ ಭಾಗ ಹೇಳುತ್ತಿದ್ದರು. ಈಚೆಗೆ ಒಂದು ವರ್ಷದಿಂದ ಅವರಿಗೆ ಅಲ್ಲಲ್ಲಿ ಸಾಲು ತಪ್ಪುತ್ತದೆ. ಅವತ್ತೂ ಒಂದು ಅರ್ಧ ಸಾಲು ಹೇಳಿ ನಿಂತುಬಿಟ್ಟರು. ಗಮಕಿಗೆ ಎತ್ತಿಕೊಡುವುದು ನಮ್ಮಲ್ಲಿ ಅಪಚಾರ. ಗೊತ್ತಿದ್ದವರೂ ಗೊತ್ತಿಲ್ಲದವರ ಹಾಗೆ ತಲೆ ತಗ್ಗಿಸಿ ಕಾಯುತ್ತಾರೆ. ಕಾದೆವು. ಆಗ ಡಬ್ಬಿಯಿಂದ ಉಳಿದ ಅರ್ಧ ಸಾಲು ಅದೇ ರಾಗದಲ್ಲಿ, ಸ್ವಲ್ಪ ಒಡಕು ಧ್ವನಿಯಲ್ಲಿ ಬಂತು.

ಸಾಂಬಯ್ಯನವರು ಯಾರೆಂದು ಕೇಳಿದರು.

"ನಾನಪ್ಪ, ಪಂಪಿ."

ಜಗುಲಿಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರೂ ಡಬ್ಬಿಯನ್ನೇ ನೋಡಿದರು. ಅವಳು ಹೇಗಿದ್ದಾಳೆ, ಎಲ್ಲಿಂದ ಮಾತಾಡುತ್ತಿದ್ದಾಳೆ ಎಂದು ಸಾಂಬಯ್ಯನವರು ಕೇಳಲಿಲ್ಲ.

"ಈ ಭಾಗ ನಿನಗೆ ಹೇಳಿಕೊಟ್ಟಿರಲಿಲ್ಲ," ಅಂದರು. "ನಾನೇ ಕಲಿತದ್ದು ಆಮೇಲೆ. ನಿನಗೆಲ್ಲಿ ಬಂತು?"

"ನಿನ್ನ ಜಗುಲಿ ಮೇಲೆ. ಎಡಗಡೆ ಕಂಬದ ಹತ್ರ ಚಾಪೆ ಐತಲ್ಲ, ಅಲ್ಲಿ ಕೂತು. ದಿನಾ ಬರ್ತೀನಪ್ಪ. ಇವತ್ತು ಜ್ವರ."

ಅವರು ಮುಖವನ್ನು ಕಂಬದ ಕಡೆ ತಿರುಗಿಸಿದರು. ಅಲ್ಲಿ ಇದ್ದವಳು ನಾನು. ಕಾಣುವುದಿಲ್ಲವೆಂದು ಗೊತ್ತಿದ್ದರೂ ನೆಟ್ಟಗೆ ಕೂತೆ. ಅವರು ಡಬ್ಬಿಯ ಕಡೆ ತಿರುಗಿ, ಮೂರನೆಯ ಅಕ್ಷರವನ್ನು ಅಷ್ಟು ಎಳೆಯಬಾರದು, ಜ್ವರ ಇದ್ದಾಗ ಎಳೆಯಲೇಬಾರದು ಎಂದು ಡಬ್ಬಿಗೆ ಹೇಳಿ, ಅದೇ ಸಾಲಿನಿಂದ ವಾಚನ ಮುಂದುವರಿಸಿದರು. ಮರುದಿನ ತಾವು ಕೂರುವ ಸ್ಟೂಲನ್ನು ಡಬ್ಬಿಯ ಪಕ್ಕಕ್ಕೆ ಹಾಕಿಸಿಕೊಂಡರು. ಆಮೇಲೆ ವಾಚನ ಮುಗಿದ ಮೇಲೂ ಅಪ್ಪ ಮಗಳು ಒಂದು ಗಳಿಗೆ ಮಾತಾಡುವುದು ರೂಢಿಯಾಯಿತು. ಮಾತೆಂದರೆ ಮತ್ತೇನಲ್ಲ, ಆ ದಿನ ಎಲ್ಲಿ ಉಸಿರು ಸಾಲಲಿಲ್ಲ, ಎಲ್ಲಿ ಅಕ್ಷರ ನುಂಗಿತು, ಎರಡನೆಯ ಮೊಮ್ಮಗುವಿಗೆ ಎಷ್ಟು ಹಲ್ಲು ಬಂದವು, ಇಂಥದ್ದು. ಮೊಮ್ಮಕ್ಕಳು ಇದ್ದಾರೆಂದೇ ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇದೆಲ್ಲ ಎರಡೂ ಓಣಿಯ ಎಲ್ಲ ಡಬ್ಬಿಗಳಲ್ಲೂ ಕೇಳುತ್ತಿತ್ತು. ತಮ್ಮ ಹೊಸ ನೆರೆಯವರು ಯಾರೆಂದು ಎರಡು ಕಡೆಯವರಿಗೂ ಗೊತ್ತಾಯಿತು. ಈಚೆಯ ಯಜಮಾನ ಕೊಟ್ರಪ್ಪ ತಾನು ಒಂದು ವಾರ ಡಬ್ಬಿಯಲ್ಲಿ ಆಡಿದ ಮಾತನ್ನೆಲ್ಲ ನೆನಪು ಮಾಡಿಕೊಂಡು ಊಟ ಬಿಟ್ಟ. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಎರಡೂ ಕಡೆಯ ಯಜಮಾನರು ಒಂದೇ ಹೊತ್ತಿಗೆ ಪುರಸಭೆಗೆ ಬಂದು, ಎರಡು ಸ್ಲೇಟಿನ ಮೇಲೆ ಒಂದೇ ವಾಕ್ಯ ಬರೆದರು: ನಮ್ಮ ಮಾತು ಹೊರಗೆ ಹೋಗುತ್ತಿದೆ.

ಅಧ್ಯಕ್ಷರು ನನ್ನನ್ನು ಕರೆಸಿದರು. ನಾನು ಸುಳ್ಳು ಬರೆಯಲಿಲ್ಲ. ತಪ್ಪು ನನ್ನದೇ, ಸಾಂಬಯ್ಯನವರು ಎರಡು ಸಲ ಹೇಳಿದ್ದನ್ನು ನಾನು ಒಂದೆಂದು ತಿಳಿದೆ ಎಂದು ಬರೆದೆ. ಹಾಗಾದರೆ ಇನ್ನೊಂದನ್ನು ಈಗಲೇ ಸೇರಿಸು ಎಂದರು. ನಾನು ಸ್ಲೇಟು ಒರೆಸಿ ಮತ್ತೆ ಬರೆದೆ. ನಿರ್ಣಯದಲ್ಲಿ ಅವರು ಹೇಳಿದಂತೆ, ನಾನು ಕೇಳಿದಂತೆ ಎಂದಿದೆ. ನಾನು ಕೇಳಿದ್ದು ಒಂದು. ಇನ್ನೊಂದು ಸಲ ಹೇಳಿದರೆ ಎರಡೂ ಕೇಳುತ್ತೇನೆ, ಎರಡೂ ಏರಿಸುತ್ತೇನೆ. ಇದರಲ್ಲಿ ನನ್ನದೇನೂ ಹಟವಿರಲಿಲ್ಲ. ಕೇಳದ್ದನ್ನು ಕೇಳಿದೆನೆಂದು ಬರೆಯುವುದು ನನಗೆ ಬರುವುದಿಲ್ಲ, ಅಷ್ಟೇ. ಅಧ್ಯಕ್ಷರು ನಿರ್ಣಯವನ್ನೇ ತಿದ್ದುವ ಮಾತೆತ್ತಿದರು. ಆದರೆ ಪದದಲ್ಲಿ ಕೇಳದೆ ಒಂದು ಓಣಿಯನ್ನು ಕೈಯಿಂದ ಸೇರಿಸಿದರೆ ನಾಳೆ ಒಂದನ್ನು ಕೈಯಿಂದ ತೆಗೆಯಲೂಬಹುದು ಎಂದು ಉಳಿದ ಸದಸ್ಯರಿಗೆ ಹೊಳೆಯಿತು. ಅವತ್ತು ಅವರೆಲ್ಲ ಸಮಯದೊಳಗೆ ಬರೆದು ಮುಗಿಸಿದರು.

ಹಾಗಾಗಿ ಮರುದಿನ ಸಂಜೆ ನಾವೆಲ್ಲ ಸಾಂಬಯ್ಯನವರ ಜಗುಲಿಗೆ ಹೋದೆವು. ಅಧ್ಯಕ್ಷರು ಮುಂದೆ ನಿಂತರು. ಬಾಯಿ ತೆರೆದರು, ಏನೂ ಹೊರಡಲಿಲ್ಲ. ಅವರು ಪರ ಓಣಿಯಲ್ಲಿ ಮಾತಾಡಲು ನೋಡಿ ಬಹಳ ವರ್ಷವಾಗಿತ್ತು, ಮರೆತಿದ್ದರು. ನಾನು ನನ್ನ ಸ್ಲೇಟು ಕೊಟ್ಟೆ. ಅವರು ಬರೆದರು, ಕಣ್ಣಿಲ್ಲದವರ ಮುಂದೆ ಅದನ್ನು ಹಿಡಿದರು, ಆಮೇಲೆ ಕೊಟ್ರಪ್ಪನ ಕೈಗೆ ದಾಟಿಸಿದರು. ಆ ಓಣಿಯಲ್ಲಿ ಧ್ವನಿ ಇರುವ ಯಜಮಾನ ಅವನೇ. ಅವನು ಮೊದಲು ಹೊಗಳಿಕೆಯ ಎರಡು ಸಾಲನ್ನು ಓದಿ, ಆಮೇಲೆ ಸ್ಲೇಟು ಕೆಳಗಿಟ್ಟು ತನ್ನ ಮಾತಿನಲ್ಲೇ ಹೇಳಿದ.

"ಓಣಿಪದ ಒಂದ್ಸಲ ಹೇಳ್ರಿ ಅಯ್ಯೋರೆ. ಪೂರ್ತಿ ಬ್ಯಾಡ. ನಮ್ಮ ಓಣಿ ಬರೋ ಸಾಲು ಸಾಕು. ಅಂಬಕ್ಕಗೆ ಎರಡೂ ಬ್ಯಾರೆ ಬ್ಯಾರೆ ಕೇಳೋ ಹಂಗೆ, ನಿಧಾನಕ್ಕೆ."

ಅಂಬಕ್ಕ ಎಂದರೆ ನಾನು. ಪೆನ್ಸಿಲ್ಲು ಕಾಗದ ಹಿಡಿದು ಕಂಬದ ಹತ್ತಿರ ಕೂತಿದ್ದೆ. ಪಕ್ಕದ ಜಾಗ ಖಾಲಿ ಇತ್ತು. ಪಂಪವ್ವ ತನ್ನ ಮನೆಯ ಡಬ್ಬಿಯ ಮುಂದೆ ಇರುವಳೆಂದು ಎಲ್ಲರಿಗೂ ಗೊತ್ತಿತ್ತು. ಜಗುಲಿಯ ಡಬ್ಬಿಯ ಗುಂಡಿಗೆ ದಾರ ಬಿಗಿದೇ ಇತ್ತು, ಅದನ್ನು ಬಿಚ್ಚಬೇಕೆಂದು ಯಾರಿಗೂ ತೋಚಲಿಲ್ಲ.

ಹೇಳಿದ ಮೇಲೆ ಏನಾಗುತ್ತದೆ ಎಂದು ಸಾಂಬಯ್ಯನವರು ವಿಚಾರಿಸಿದರು. ಕೊಟ್ರಪ್ಪ ನನ್ನ ಕಡೆ ನೋಡಿದ. ನಾನು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ, ಅವನು ಗಟ್ಟಿಯಾಗಿ ಓದಿದ: ಇನ್ನೊಂದು ಹೆಸರು ಏರಿಸುತ್ತೇನೆ, ಅದಕ್ಕೆ ಬೇರೆ ನಂಬರು ಹಾಕುತ್ತೇನೆ, ಸೇವೆಗಳನ್ನು ನಿಲ್ಲಿಸಿ ಮತ್ತೆ ಶುರು ಮಾಡುತ್ತೇನೆ, ಅಲ್ಲಿಂದ ಮುಂದೆ ಆ ಕಡೆಯ ಮಾತು ಈ ಕಡೆ ಬರುವುದಿಲ್ಲ. ಅದಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಎಂದು ಬರೆದೆ.

ಸಾಂಬಯ್ಯನವರು ತೊಡೆಯ ಮೇಲಿನ ಶಲ್ಯವನ್ನು ಮಡಚಿದರು. ಮತ್ತೆ ಬಿಡಿಸಿ, ಅಂಚು ಹುಡುಕಿ, ಸರಿಯಾಗಿ ಮಡಚಿದರು. ಎಲ್ಲರೂ ಅವರು ಸ್ವರ ಹಿಡಿಯುವುದನ್ನು ಕಾಯುತ್ತಿದ್ದರು. ನಾನು ಕಾಗದದ ಮೇಲೆ ಪೆನ್ಸಿಲ್ಲಿನ ಮೊನೆ ಇಟ್ಟಿದ್ದೆ.

"ಹೇಳಲ್ಲ," ಅಂದರು.

ಕೊಟ್ರಪ್ಪನಿಗೆ ಕೇಳಿಸಲಿಲ್ಲವೆಂದೇ ತೋರಿತು. ಇದು ಊರಿನ ಕೆಲಸ, ಅಧ್ಯಕ್ಷರೇ ಬಂದು ನಿಂತಿದ್ದಾರೆ, ಓಣಿಯ ಮರ್ಯಾದೆ ಬೀದಿಗೆ ಬಿದ್ದಿದೆ ಎಂದು ಅವನು ಒಂದೊಂದಾಗಿ ಎಣಿಸಿದ. ಸಾಂಬಯ್ಯನವರು ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಕೊಟ್ರಪ್ಪ ಎದ್ದು ಡಬ್ಬಿಯ ಹತ್ತಿರ ಹೋದ.

"ನೀವು ಹೇಳದಿದ್ರೆ ಬಿಡ್ರಿ," ಅಂದ. "ಆ ಕಡೆ ಇರೋ ಆಕೀಗೂ ಪದ ಪೂರ್ತಿ ಬರ್ತದಂತೆ. ಇದರಾಗೆ ಆಕೀನ ಕೇಳ್ತೀವಿ. ಹಕ್ಕು ನಿಮ್ಮದೇ, ನೀವು ಹೂಂ ಅಂದ್ರೆ ಸಾಕು, ನಿಮ್ಮ ಬದಲು ಆಕೀನೇ ಹೇಳ್ಲಿ."

ಸಾಂಬಯ್ಯನವರು ಕೈ ಚಾಚಿ, ತಡವಿ, ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನನ್ನ ಮಗಳೂ ಹೇಳಲ್ಲ," ಅಂದರು.